ನೆಟ್ ಸ್ಲೋ ಉಂಟು

ಕಳೆದ ವರ್ಷ ಚೌತಿ ಕಳೆದ ಮೇಲೆ ಒಂದು ಗುರುವಾರ ನನ್ನ ಹೆಂಡತಿಗೆ ಮಂಗಳೂರಿನಲ್ಲಿ ಹೊಟ್ಟೆಯ ಸ್ಕ್ಯಾನ್ ಮಾಡಿಸಿದೆವು. ಎರಡು ತಿಂಗಳಿಂದ ಅವಳಿಗೆ ಊಟ ಸೇರುತ್ತಿರಲಿಲ್ಲ. ಬೆನ್ನಿನವರೆಗೆ ಎಳೆಯುವ ಒಂದು ನೋವು ಬಂದು ಹೋಗಿ ಮಾಡುತ್ತಿತ್ತು. ಗ್ಯಾಸ್ ಅಂತ ತೀರ್ಪು ಕೊಟ್ಟವನು ನಾನೇ; ಜೀರಿಗೆ ನೀರು ಕುದಿಸಿ ಕೊಟ್ಟವನೂ ನಾನೇ. ಕೊನೆಗೆ ಪುತ್ತೂರಿನ ಡಾಕ್ಟರು ಹೊಟ್ಟೆ ಒತ್ತಿ ನೋಡಿ ಮಂಗಳೂರಿಗೆ ಚೀಟಿ ಬರೆದರು.

ಮಂಗಳೂರಿನಿಂದ ವಾಪಸು ಬರುವಾಗ ಕಾರಿನಲ್ಲಿ ಅವಳು ಒಂದೇ ಮಾತು ಹೇಳಿದಳು. "ಎಂತ ಬಂದ್ರೂ ಹೊಸಕ್ಕಿ ಊಟ ಮುಗಿಯುವವರೆಗೆ ಯಾರಿಗೂ ಹೇಳುದು ಬೇಡ. ಆಯ್ತಾ?"

ನಮ್ಮ ಮನೆಮಾತು ಅರೆಭಾಷೆ. ನಾವಿಬ್ಬರೂ ಆಡಿದ ಮಾತನ್ನು ಎಲ್ಲರಿಗೂ ತಿಳಿಯಲಿ ಅಂತ ಇಲ್ಲಿ ನಮ್ಮ ಊರ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಅವಳ ತವರು ಸುಳ್ಯದ ಆಚೆ ಮಂಡೆಕೋಲಿನಲ್ಲಿ. ಹೊಸ ಭತ್ತದ ಅಕ್ಕಿಯನ್ನು ಮೊದಲ ಸಲ ಉಣ್ಣುವ ದಿನ ಅಲ್ಲಿ ಅಣ್ಣ ತಮ್ಮಂದಿರು, ಮದುವೆಯಾಗಿ ಹೋದ ಹೆಣ್ಣುಮಕ್ಕಳು, ಅಳಿಯಂದಿರು ಎಲ್ಲ ಸೇರುತ್ತಾರೆ. ಆ ಸಲ ಅದು ಮುಂದಿನ ವಾರದ ಭಾನುವಾರಕ್ಕೆ ನಿಂತಿತ್ತು. ವರ್ಷಕ್ಕೊಮ್ಮೆ ಅವಳು ಪುನಃ ಆ ಮನೆಯ ಹುಡುಗಿಯಾಗುವ ದಿನ ಅದು. ಆಯಿತು, ಯಾರಿಗೂ ಹೇಳುವುದಿಲ್ಲ ಎಂದೆ.

ಯಾಕೆ ಹೇಳಬಾರದು ಅಂತ ಈ ಕಡೆಯವರಿಗೆ ವಿವರಿಸಬೇಕಾಗಿಲ್ಲ. ನಮ್ಮಲ್ಲಿ ಕಾಯಿಲೆ ಅಂದರೆ ಅದು ಊರಿನ ಸೊತ್ತು. ಸುದ್ದಿ ಮುಟ್ಟಿದ ಮರುದಿನವೇ ಬ್ರೆಡ್ಡು, ಕಿತ್ತಳೆ, ನೇಂದ್ರ ಬಾಳೆಹಣ್ಣು ಹಿಡಿದುಕೊಂಡು ಜನ ಬರುತ್ತಾರೆ. ಜಗಲಿಯಲ್ಲಿ ಕೂತು, ಇದೇ ಕಾಯಿಲೆ ಇಂಥವರಿಗೂ ಇತ್ತು, ಪಾಪ ಮೂರೇ ತಿಂಗಳು, ಅಂತ ರೋಗಿಗೇ ಕೇಳುವ ಹಾಗೆ ಹೇಳುತ್ತಾರೆ. ಹೋಗುವಾಗ ಧೈರ್ಯವಾಗಿರಿ ಅನ್ನುತ್ತಾರೆ. ನಾನೂ ಹೋಗಿ ಹೀಗೆ ಕೂತವನೇ, ಬೇರೆಯವರನ್ನು ಮಾತ್ರ ಬೈದು ಪ್ರಯೋಜನವಿಲ್ಲ.

ಮೊದಲೆಲ್ಲ ಸ್ಕ್ಯಾನ್ ಮಾಡಿದರೆ ದೊಡ್ಡ ಕವರಿನಲ್ಲಿ ಕಪ್ಪು ಫಿಲ್ಮು ಕೊಡುತ್ತಿದ್ದರು. ಈಗ ಅದಿಲ್ಲ. ಶುಕ್ರವಾರ ಮಧ್ಯಾಹ್ನ ಅವಳ ಮೊಬೈಲಿಗೆ ಒಂದು ಮೆಸೇಜು ಬಂತು. ಇದು ಲಿಂಕು, ಒತ್ತಿದರೆ ನಿಮ್ಮ ಸ್ಕ್ಯಾನ್ ಸಿಗುತ್ತದೆ, ಏಳು ದಿನ ಇರುತ್ತದೆ. ಅವಳು ಅದನ್ನು ನನಗೆ ಕಳಿಸಿ ಬಟ್ಟೆ ಮಡಚಲು ಹೋದಳು. ಮನೆಯಲ್ಲಿ ಕಂಪ್ಯೂಟರಿನ ಖಾತೆ ನನ್ನದು. ಮನೆಯಲ್ಲಿ ಅಂದರೆ ನಾವಿಬ್ಬರೇ. ಮಕ್ಕಳಿಲ್ಲ, ಆ ದುಃಖವೆಲ್ಲ ಪಟ್ಟು ಮುಗಿಸಿ ಬಹಳ ವರ್ಷವಾಯಿತು.

ಮೈಸೂರಿನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೊಡ್ಡ ಡಾಕ್ಟರು. ಹೆಂಡತಿಗೆ ಹೇಳಿಯೇ ಅವಳಿಗೆ ಫೋನು ಮಾಡಿದೆ. "ಸರ್, ಬರೀ ವರದಿ ಓದಿ ಹೇಳಿದ್ರೆ ಆಗುದಿಲ್ಲ, ನನಗೆ ಚಿತ್ರಗಳೇ ಬೇಕು. ಪೂರಾ ಫೈಲ್ ಇಳಿಸಿ ಕಳ್ಸಿ. ತಡ ಮಾಡ್ಬೇಡಿ," ಎಂದಳು. ಇಷ್ಟೇ ತಾನೇ ಎಂದುಕೊಂಡೆ.

ಇಳಿಯಬೇಕಲ್ಲ! ಲಿಂಕು ಒತ್ತಿದರೆ ಪುಟ ತೆರೆಯಲಿಕ್ಕೇ ಒಂದು ಚಹಾ ಕುಡಿಯುವಷ್ಟು ಹೊತ್ತು. ತೆರೆದ ಮೇಲೆ ಡೌನ್‌ಲೋಡ್ ಒತ್ತಿದರೆ ನೂರರಲ್ಲಿ ಎರಡು, ನೂರರಲ್ಲಿ ಮೂರು ಅಂತ ಅಂಬೆಗಾಲು. ಹನ್ನೊಂದಕ್ಕೆ ಬಂದು ನಿಲ್ಲುವುದು, ಆಮೇಲೆ ವಿಫಲವಾಯಿತು ಅಂತ ಒಂದು ಸಾಲು, ಪುನಃ ಸೊನ್ನೆಯಿಂದ. ಶನಿವಾರ ಇಡೀ ದಿನ ಹೀಗೆ ಹೋಯಿತು. ಭಾನುವಾರ ಒಮ್ಮೆ ಅರವತ್ತೆರಡರವರೆಗೆ ಬಂತು. ಉಸಿರು ಬಿಗಿಹಿಡಿದು ಕೂತಿದ್ದೆ. ಅಲ್ಲಿಯೂ ಕೈಕೊಟ್ಟಿತು. ಮೊಬೈಲಿನಲ್ಲಿ ಇಳಿಸೋಣವೆಂದರೆ ನಮ್ಮ ಮನೆಯೊಳಗೆ ಸಿಗ್ನಲ್ಲು ಒಂದು ಕಡ್ಡಿ, ಅದೂ ಅತಿಥಿಯ ಹಾಗೆ ಬಂದು ಹೋಗುವುದು.

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು ನಾನು. ಅದರಿಂದ ಬಂದದ್ದು ಮೂಗಿನ ತುದಿಯ ಸಿಟ್ಟು. ಸೋಮವಾರ ಬೆಳಿಗ್ಗೆ ಕೇಬಲಿನವನಿಗೆ ಫೋನು ಮಾಡಿ ಬಾಯಿಗೆ ಬಂದ ಹಾಗೆ ಬೈದೆ. ಅವನೂ ನನ್ನ ಹಳೆಯ ವಿದ್ಯಾರ್ಥಿಯೇ. ನಮ್ಮ ರಾಮಕುಂಜದ ಸುತ್ತಮುತ್ತ ಐವತ್ತು ದಾಟದವರಲ್ಲಿ ನನ್ನಿಂದ ಕಿವಿ ಹಿಂಡಿಸಿಕೊಳ್ಳದವರು ಕಡಿಮೆ. ಅವನು ಅರ್ಧ ಗಂಟೆಯಲ್ಲಿ ಬೈಕಿನಲ್ಲಿ ಬಂದ. ರಸ್ತೆಯಿಂದ ನಮ್ಮ ಮನೆಯವರೆಗೆ ಪಕ್ಕದವರ ಅಡಿಕೆ ಮರಗಳಿಗೆ ಕಟ್ಟಿದ ಕೇಬಲನ್ನು ಕತ್ತೆತ್ತಿ ನೋಡುತ್ತ ನಡೆದ. ಅಡಿಕೆ ಕೊಯ್ಯುವ ಉದ್ದನೆಯ ದೋಟಿ ತಾಗಿ ವರ್ಷಕ್ಕೆ ಎರಡು ಸಲವಾದರೂ ಅದು ತುಂಡಾಗುತ್ತದೆ. ಈ ಸಲ ತುಂಡಾಗಿರಲಿಲ್ಲ.

"ಲೈನ್ ಸರಿ ಉಂಟು ಸರ್. ಎಂತ ಫೈಲ್ ಅದು? ನನಗೆ ಕಳ್ಸಿ, ಅಂಗಡಿಯಲ್ಲಿ ಇಳಿಸಿ ಪೆನ್‌ಡ್ರೈವಿನಲ್ಲಿ ಹಾಕಿ ತಂದು ಕೊಡ್ತೇನೆ. ಒಂದು ಗಂಟೆಯ ಕೆಲಸ," ಎಂದ.

ಆ ಫೈಲಿನ ತಲೆಯ ಮೇಲೆ ನನ್ನ ಹೆಂಡತಿಯ ಹೆಸರು, ಪ್ರಾಯ, ಹೊಟ್ಟೆ ಅಂತ ಎಲ್ಲ ಬರೆದಿತ್ತು. ಅದು ಅವನ ಅಂಗಡಿಯ ಪರದೆಯ ಮೇಲೆ ತೆರೆದರೆ ಸಂಜೆಯೊಳಗೆ ಕಡಬ ಪೇಟೆಗೆ ಗೊತ್ತಾಗುತ್ತಿತ್ತು.

"ಹಳೆಯ ಫೋಟೋಗಳು. ಅಂಥ ಅರ್ಜೆಂಟ್ ಎಂತ ಇಲ್ಲ," ಎಂದೆ.

ಅರ್ಜೆಂಟ್ ಇಲ್ಲದ್ದಕ್ಕೆ ಇಷ್ಟು ಬೈದದ್ದಾ ಅಂತ ಅವನ ಮುಖದಲ್ಲಿ ಬಂದು ಹೋಯಿತು. ಬೈಕು ತಿರುಗಿಸಿದ. ಪಾಪ, ಒಳ್ಳೆಯ ಮನುಷ್ಯ. ಅವನು ಹೇಳಿದ ಹಾಗೆ ಮಾಡಿದ್ದರೆ ಮುಂದಿನದ್ದು ಯಾವುದೂ ಹೀಗೆ ಆಗುತ್ತಿರಲಿಲ್ಲ.

ಮಂಗಳವಾರ ಬೆಳಿಗ್ಗೆ ತಿಂಡಿ ತಿಂದವನೇ ಕಂಪ್ಯೂಟರಿನ ಎದುರು ಕೂತು, ಇದರ ಗುಟ್ಟು ಏನು ಅಂತ ಓದಲು ಶುರುಮಾಡಿದೆ. ಓದುತ್ತ ಹೋದಂತೆ ಒಂದು ವಿಷಯ ಹೊಳೆಯಿತು. ನಾವು ಒಂದು ಜಾಲತಾಣದ ಹೆಸರು ಬರೆದರೆ ಕಂಪ್ಯೂಟರಿಗೆ ಅದು ಅರ್ಥವಾಗುವುದಿಲ್ಲ. ಅದಕ್ಕೆ ಅಂಕಿಗಳ ವಿಳಾಸ ಬೇಕು. ಹೆಸರು ಕೇಳಿ ಅಂಕಿ ಹೇಳುವ ಒಬ್ಬ ಇರುತ್ತಾನೆ, ಅವನೇ ಡಿಎನ್‌ಎಸ್. ಹೊಸ ಊರಿಗೆ ಬಂದವನು ಬಸ್ಸಿಳಿದು ಇಂಥವರ ಮನೆ ಎಲ್ಲಿ ಅಂತ ಹೋಟೆಲಿನವನನ್ನು ಕೇಳುತ್ತಾನಲ್ಲ, ಹಾಗೆ. ಲೈನು ಕೊಟ್ಟವರು ತಮ್ಮದೇ ಒಬ್ಬನನ್ನು ಅಲ್ಲಿ ಕೂರಿಸಿರುತ್ತಾರೆ. ನಮ್ಮ ಪಾಲಿಗೆ ಬಂದವನು ಬಾಯಲ್ಲಿದ್ದ ವೀಳ್ಯ ಜಗಿದು ಮುಗಿಸಿಯೇ ಉತ್ತರ ಕೊಡುವವನು. ಅದೂ ಈಶ್ವರಮಂಗಲಕ್ಕೆ ಹೋಗಬೇಕಾದವನನ್ನು ಸುಬ್ರಹ್ಮಣ್ಯದ ದಾರಿಗೆ ಕಳಿಸುವವನು. ದೊಡ್ಡ ಫೈಲುಗಳನ್ನು ಹಲವು ಊರುಗಳಲ್ಲಿ ಇಟ್ಟಿರುತ್ತಾರಂತೆ. ಇವನು ಯಾವುದೋ ದೂರದ ಊರಿನ ದಾರಿ ತೋರಿಸಿದರೆ ಅಲ್ಲಿಂದ ಹೊತ್ತುಕೊಂಡು ಬರಬೇಕು. ಅವನನ್ನು ಬಿಟ್ಟು ಬೇರೆಯವನನ್ನು ಕೇಳಬಹುದು. ಬಿಟ್ಟಿಯಾಗಿ ಕೇಳಬಹುದು.

ಇಷ್ಟು ಓದಿದ ಮೇಲೆ ನನ್ನನ್ನು ಹಿಡಿಯುವವರಿಲ್ಲ. ಸೆಟ್ಟಿಂಗ್ ತೆರೆದು, ನೆಟ್‌ವರ್ಕಿನ ಒಳಗೆ ಒಂದೊಂದೇ ಬಾಗಿಲು ದಾಟಿ ಹೋದೆ. 'ತಾನಾಗಿಯೇ ಪಡೆದುಕೊಳ್ಳಲಿ' ಎಂಬಲ್ಲಿದ್ದ ಚುಕ್ಕಿಯನ್ನು ಎಬ್ಬಿಸಿ 'ಈ ವಿಳಾಸ ಬಳಸು' ಎಂಬಲ್ಲಿ ಕೂರಿಸಿದೆ. ಖಾಲಿ ಮನೆಗಳಲ್ಲಿ ಆ ಬಿಟ್ಟಿಯವನ ವಿಳಾಸ: ಎಂಟು, ಎಂಟು, ಎಂಟು, ಎಂಟು. ಸರಿ ಎಂದು ಒತ್ತಿದರೆ ಇದ್ದ ನೆಟ್ಟೂ ಹೋಯಿತು. ಒಂದು ಪುಟವೂ ತೆರೆಯದು. ಕೇಬಲಿನವನನ್ನು ಪುನಃ ಬೈಯಬೇಕೆಂದು ಫೋನು ಕೈಗೆತ್ತಿಕೊಂಡವನು ಒಮ್ಮೆ ಪರದೆ ನೋಡಿದೆ. ಮೂರನೆಯ ಮನೆಯಲ್ಲಿ ಎಂಟರ ಬದಲು ಎಂಬತ್ತೆಂಟು ಇತ್ತು. ಮಕ್ಕಳ ಪರೀಕ್ಷೆಯಲ್ಲಿ ಇಂಥ ತಪ್ಪಿಗೆ ನಾನು ಅರ್ಧ ಅಂಕವನ್ನೂ ಬಿಡುತ್ತಿರಲಿಲ್ಲ. ತಿದ್ದಿದೆ. ಹಳೆಯ ವಿಳಾಸಗಳ ನೆನಪನ್ನು ಒರೆಸಿಹಾಕುವ ಆದೇಶವೊಂದಿದೆ, ಅದನ್ನೂ ಕೊಟ್ಟೆ.

ಲಿಂಕು ಒತ್ತಿದರೆ ಪುಟ ಎದುರು ಬಂದು ನಿಂತಿತ್ತು. ಡೌನ್‌ಲೋಡ್ ಒತ್ತಿದೆ. ಐದು, ಒಂಬತ್ತು, ಹದಿನಾಲ್ಕು. ಎದ್ದು ನಿಂತು "ನೋಡಿದ್ಯಾ!" ಅಂತ ಕೂಗಿದೆ. ಅವಳು ಸೌಟು ಹಿಡಿದುಕೊಂಡೇ ಬಂದು ನೋಡಿದಳು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಕಂಪ್ಯೂಟರಿಗೆ ಮಾತ್ರ ಯಾಕೆ, ಮನೆಗೆಲ್ಲ ಆಗಲಿ ಅನಿಸಿತು. ಸಾಲಾಗಿ ಊಟಕ್ಕೆ ಕೂತವರಲ್ಲಿ ಒಂದು ಎಲೆಗೆ ಮಾತ್ರ ಪಾಯಸ ಬಡಿಸುವ ಕ್ರಮ ನಮ್ಮಲ್ಲಿಲ್ಲ. ಫೈಲು ಇಳಿಯಲಿ ಅಂತ ಕಾಯದೆ, ಗೋಡೆಯ ಮೇಲಿನ ವೈಫೈಯ ಬಿಳಿ ಪೆಟ್ಟಿಗೆಯ ಒಳಗೂ ಹೋಗಿ ಅದೇ ಎಂಟುಗಳನ್ನು ತುಂಬಿದೆ. ಪೆಟ್ಟಿಗೆ ಒಮ್ಮೆ ಕಣ್ಣು ಮುಚ್ಚಿ ತೆರೆಯಿತು. ಇಳಿಯುತ್ತಿದ್ದದ್ದು ನಿಂತಿತು; ಪುನಃ ಶುರುಮಾಡಿದೆ, ಬೇಸರವೂ ಆಗಲಿಲ್ಲ, ಅಷ್ಟು ಉಮೇದು. ಅವಳಿಗೆ ಕ್ರೋಶಾ ಚೀಲ ಹೆಣೆಯುವ ಹುಚ್ಚು. ಅದರ ವಿಡಿಯೋ ನೋಡುವಾಗ ಸೂಜಿ ಒಳಗೆ ಹೋಗುವ ಹೊತ್ತಿಗೇ ಸರಿಯಾಗಿ ನಡುವೆ ಚಕ್ರ ತಿರುಗಲು ಶುರುವಾಗುತ್ತಿತ್ತು. ಈಗ ಮೊಬೈಲು ಹಿಡಿದು ಅಡುಗೆಮನೆಯಿಂದಲೇ ಹೇಳಿದಳು: "ಚಕ್ರ ತಿರುಗುದೇ ಇಲ್ಲ ಮಾರಾಯ್ರೆ! ಸರ್ವಿಸಿನಲ್ಲಿ ಇರ್ತಿದ್ರೆ ನಿಮಗೆ ಒಂದು ಬಡ್ತಿ ಕೊಡ್ಬಹುದಿತ್ತು."

ಹನ್ನೆರಡು ಗಂಟೆಗೆ ಫೈಲು ಪೂರ್ತಿ ಇಳಿಯಿತು.

ಚಿತ್ರಗಳು ನೂರಾರು ಇದ್ದವು. ನನಗೆ ಅವು ಬೂದು ಬಣ್ಣದ ಮೋಡಗಳು, ಅಷ್ಟೇ. ನಡುವೆ ಎರಡು ಪುಟದ ವರದಿ ಇತ್ತು. ತೆರೆಯಬಾರದಿತ್ತು ಅಂತ ಈಗಲೂ ಒಮ್ಮೊಮ್ಮೆ ಅನಿಸುತ್ತದೆ. ಆದರೆ ಎದುರು ಇದ್ದ ಕಾಗದವನ್ನು ಓದದೆ ಬಿಡುವ ಜಾತಿ ನನ್ನದಲ್ಲ. ಇಂಗ್ಲಿಷಿನ ವಾಕ್ಯಗಳು ಅರ್ಥವಾದವು, ನಡುವಿನ ದೊಡ್ಡ ಶಬ್ದಗಳು ಆಗಲಿಲ್ಲ. ಒಂದೊಂದನ್ನೇ ಹುಡುಕಿದೆ. ಒಂದು ವಾರದ ಹಿಂದಾಗಿದ್ದರೆ ಒಂದು ಶಬ್ದಕ್ಕೂ ಇನ್ನೊಂದಕ್ಕೂ ನಡುವೆ ಉಸಿರಾಡಲು ಹೊತ್ತು ಸಿಗುತ್ತಿತ್ತು. ಈಗ ಕೀಲಿಯಿಂದ ಬೆರಳು ಎತ್ತುವುದರೊಳಗೆ ಉತ್ತರ. ಮೇದೋಜೀರಕ ಗ್ರಂಥಿಯಲ್ಲಿ ಗಡ್ಡೆ. ಯಕೃತ್ತಿನಲ್ಲಿ ಎರಡು ಕಲೆ. ಕ್ಯಾನ್ಸರ್ ಇರುವ ಸಂಭವ ಹೆಚ್ಚು, ಕೂಡಲೇ ತಜ್ಞರನ್ನು ಕಾಣಬೇಕು. ಇಂಥವರು ಎಷ್ಟು ಕಾಲ ಅಂತ ಹುಡುಕಿದೆ. ಅದಕ್ಕೂ ಅಷ್ಟೇ ಬೇಗ ಉತ್ತರ ಬಂತು. ಆ ಪುಟವನ್ನು ಮುಚ್ಚಿದೆ. ನನಗೆ ಹೆದರಿಕೆ ಆಯಿತು. ಇದನ್ನು ಬೇರೆ ಚಂದದ ಶಬ್ದದಲ್ಲಿ ಹೇಳಲು ನನಗೆ ಬರುವುದಿಲ್ಲ.

"ಬಂತಾ?" ಅಂತ ಅಡುಗೆಮನೆಯಿಂದ ಕೇಳಿದಳು.

"ಬರ್ಲಿಲ್ಲ," ಎಂದೆ. "ನೆಟ್ ಸ್ಲೋ ಉಂಟು."

ಒಂದು ಗಂಟೆ ಮೊದಲು ಎದ್ದು ನಿಂತು ಕೂಗಿದವನು ಹೇಳಿದ ಮಾತು ಇದು. ಮೂವತ್ತೊಂದು ವರ್ಷ ಮಕ್ಕಳ ಸುಳ್ಳು ಹಿಡಿದವನು ಹೇಳಿದ ಸುಳ್ಳು ಇದು. "ಹೌದಾ," ಎಂದಳು ಒಳಗಿನಿಂದ. "ನಮ್ಮದು ಸರಿ ಉಂಟು. ಆಸ್ಪತ್ರೆಯವರ ಕಡೆಯಿಂದ ಸ್ಲೋ," ಅಂತ ಒಂದು ತೇಪೆ ಹಚ್ಚಿದೆ. ತೇಪೆ ಚೆನ್ನಾಗಿ ಕೂತಿತು ಅಂತಲೇ ನಂಬಿದೆ.

ಊಟಕ್ಕೆ ಕೂತಾಗ ಅವಳು ನನಗೆ ಎರಡು ಸಲ ಸಾರು ಬಡಿಸಿದಳು. ನಾನು ಉಂಡೆ.

ಭಾನುವಾರದವರೆಗೆ ಸಾಕು ಅಂತ ನನ್ನಲ್ಲೇ ಹೇಳಿಕೊಂಡೆ. ಯಾರಿಗೂ ಹೇಳುವುದು ಬೇಡ ಅಂತ ಹೇಳಿದವಳು ಅವಳೇ ಅಲ್ಲವೇ. ಆ 'ಯಾರಿಗೂ' ಎಂಬುದರಲ್ಲಿ ಅವಳನ್ನೂ ಸೇರಿಸಿಬಿಟ್ಟೆ. ತವರಿನಲ್ಲಿ ಒಂದು ದಿನ ನಗುತ್ತ ಕೂತು ಉಣ್ಣಲಿ, ಸೋಮವಾರ ಹೇಳಿದರಾಯಿತು. ಇದು ಪ್ರೀತಿ ಅಂತ ಆಗ ನನ್ನ ಅಂದಾಜು.

ಫೈಲನ್ನು ಮೈಸೂರಿಗೆ ಕಳಿಸಿದೆ. ಬುಧವಾರ ಬೆಳಿಗ್ಗೆ ಆ ಡಾಕ್ಟರ ಫೋನು ಬಂತು. ಅಂಗಳದ ಕೊನೆಗೆ, ತೆಂಗಿನಮರದ ಬುಡಕ್ಕೆ ಹೋಗಿ ಮಾತಾಡಿದೆ. ಸಿಗ್ನಲ್ಲು ಅಲ್ಲೇ ಸಿಗುವುದಾದ್ದರಿಂದ ಅನುಮಾನ ಬರಲು ಕಾರಣವಿಲ್ಲ. ಅವಳು ಸಮಾಧಾನದ ಮಾತು ಏನೂ ಹೇಳಲಿಲ್ಲ. "ಸೋಮವಾರ ಬೆಳಿಗ್ಗೆ ಕರ್ಕೊಂಡು ಬನ್ನಿ ಸರ್. ನಾನೇ ಎಲ್ಲ ವ್ಯವಸ್ಥೆ ಮಾಡಿ ಇಡ್ತೇನೆ. ಅವರಿಗೆ ಹೇಳಿದ್ದೀರಲ್ಲ?" ಎಂದಳು. ಹೇಳಿದ್ದೇನೆ ಎಂದೆ. ಆ ವಾರ ನನಗೆ ಸುಳ್ಳು ಎಷ್ಟು ಸಲೀಸಾಗಿತ್ತೆಂದರೆ ಕೇಳಿದವರಿಗೆಲ್ಲ ಒಂದೊಂದು ಕೊಡುತ್ತಿದ್ದೆ.

ಹೆಂಡತಿ ದಿನವೂ ಕೇಳುತ್ತಿದ್ದಳು. ಬುಧವಾರ ಹೂವು ಕೊಯ್ದು ಒಳಗೆ ಬರುವಾಗ, "ಬಂತಾ?" ಗುರುವಾರ ಬಟ್ಟೆ ಒಣಗಿಸುವಾಗ, "ಇವತ್ತಾದ್ರೂ ಬಂತಾ?" ನಾನು ಕಂಪ್ಯೂಟರಿನ ಎದುರು ಕೂತು, ಎಂದೋ ಇಳಿದು ಮುಗಿದ ಫೈಲಿಗಾಗಿ ಕಾಯುವ ನಾಟಕ ಮಾಡುತ್ತಿದ್ದೆ. ಒಮ್ಮೆ ಮೇಜಿಗೆ ಗುದ್ದಿ ಕೇಬಲಿನವನನ್ನು ಬೈದೆ ಕೂಡ. ಅವಳು ಬಾಗಿಲಿಗೆ ಒರಗಿ ನಿಂತು ನೋಡಿದಳು. ಮಧ್ಯಾಹ್ನ ಮಂಚದಲ್ಲಿ ಗೋಡೆಯ ಕಡೆ ಮುಖಮಾಡಿ ಮೊಬೈಲು ನೋಡುತ್ತ ಮಲಗಿರುತ್ತಿದ್ದಳು. ಕ್ರೋಶಾದ ಹುಚ್ಚು, ಪಾಪ, ಏನೂ ಗೊತ್ತಿಲ್ಲದ ಜೀವ ಅಂದುಕೊಳ್ಳುತ್ತಿದ್ದೆ. ಹೊರಗೆ ಹೋಗಿ ಸುಮ್ಮನೆ ಬಾವಿಕಟ್ಟೆಯ ಸುತ್ತ ನಡೆಯುತ್ತಿದ್ದೆ.

ಶುಕ್ರವಾರ ಬೆಳಿಗ್ಗೆ ದೋಸೆ ಹಾಕುತ್ತ, "ಇವತ್ತಿಗೆ ಲಿಂಕ್ ಮುಗಿತದಲ್ಲ? ಎಂತ ಮಾಡುದು?" ಅಂತ ಕೇಳಿದಳು.

"ಆಸ್ಪತ್ರೆಗೆ ಫೋನ್ ಮಾಡಿದ್ದೇನೆ. ಇನ್ನೊಂದು ಕಳಿಸ್ತಾರಂತೆ, ಸೋಮವಾರ."

"ಸೋಮವಾರವಾ?"

"ಹೂಂ. ಸೋಮವಾರ."

ದೋಸೆ ಮಗುಚಿ ಹಾಕಿದಳು. "ಸರಿ ಹಾಗಾದ್ರೆ."

ಶನಿವಾರ ಅವಳು ಸ್ನಾನಕ್ಕೆ ಹೋದಾಗ ನಾನು ಒಂದು ಬ್ಯಾಗಿನಲ್ಲಿ ಇಬ್ಬರ ಬಟ್ಟೆ ತುಂಬಿ ಕಾರಿನ ಡಿಕ್ಕಿಯಲ್ಲಿಟ್ಟೆ. ಮಂಡೆಕೋಲಿನಲ್ಲಿ ಊಟ ಮುಗಿಸಿ, ಸಂಜೆ ಸುಳ್ಯದ ರಸ್ತೆಗೆ ಬಂದ ಮೇಲೆ ಮನೆಯ ಕಡೆ ತಿರುಗದೆ ಮೈಸೂರಿಗೆಂದು ಮಡಿಕೇರಿಯ ಕಡೆ ತಿರುಗುವುದು, ದಾರಿಯಲ್ಲಿ ಹೇಳುವುದು. ಅದು ನನ್ನ ಯೋಜನೆ. ಅವಳ ಸೀರೆಗಳಲ್ಲಿ ಯಾವುದಕ್ಕೆ ಯಾವ ರವಿಕೆ ಅಂತ ಮೂವತ್ತಮೂರು ವರ್ಷದ ಸಂಸಾರದಲ್ಲಿ ನಾನು ನೋಡಿಯೇ ಇರಲಿಲ್ಲ. ಕೈಗೆ ಸಿಕ್ಕಿದ್ದನ್ನು ತುರುಕಿದೆ. ಅವಳ ಸ್ವೆಟರ್ ನೆನಪಾಗಿ ಪುನಃ ಓಡಿ ಹೋಗಿ ತಂದು ಹಾಕಿದೆ.

ಭಾನುವಾರ ಎಂಟು ಗಂಟೆಗೆ ಹೊರಟೆವು. ಅವಳು ಹಸಿರು ಸೀರೆ ಉಟ್ಟಿದ್ದಳು. ತವರಿಗೆ ಹೋಗುವಾಗ ಹಾಕುವ ಸರ, ಬಳೆ ಎಲ್ಲ ಹಾಕಿದ್ದಳು. ಬೆಳ್ಳಾರೆಯವರೆಗೆ ಅದೂ ಇದೂ ಮಾತಾಡಿದೆವು. ಮಂಡೆಕೋಲಿನಲ್ಲಿ ಈಗ ಗದ್ದೆ ಉಳಿಸಿಕೊಂಡವರು ಒಬ್ಬರೋ ಇಬ್ಬರೋ, ಎಲ್ಲ ತೋಟವಾಯಿತು. ಈ ಸಲ ಅಣ್ಣ ಯಾರ ಗದ್ದೆಯ ತೆನೆ ತಂದನೋ ಎಂದಳು. ಬೆಳ್ಳಾರೆ ದಾಟಿದ ಮೇಲೆ ಹೊರಗೆ ನೋಡುತ್ತಲೇ ಹೇಳಿದಳು.

"ಸ್ವೆಟರ್ ಹಾಕಿದ್ದು ಒಳ್ಳೆದಾಯ್ತು. ಮೈಸೂರಲ್ಲಿ ಬೆಳಿಗ್ಗೆ ಚಳಿ ಇರ್ತದೆ. ನನ್ನ ಕನ್ನಡಕ ನೀವು ಮರ್ತಿದ್ರಿ. ಡಿಕ್ಕಿಯ ಬ್ಯಾಗಿಗೆ ನಾನೇ ಹಾಕಿದ್ದೇನೆ."

ಕಾರು ನಿಲ್ಲಿಸಿದೆ. ರಸ್ತೆಯ ಬದಿಗೆ ತರಲೂ ತಿಳಿಯಲಿಲ್ಲ. ಹಿಂದಿನಿಂದ ಬಂದ ಜೀಪಿನವನು ಹಾರ್ನು ಹೊಡೆದು, ಬೈದು, ದಾಟಿ ಹೋದ.

"ಯಾವಾಗ ಗೊತ್ತಾಯ್ತು?"

"ಮಂಗಳವಾರ. ನೆಟ್ ಸ್ಲೋ ಉಂಟು ಅಂತ ನೀವು ಹೇಳಿದ್ರಲ್ಲ, ಅದಾಗಿ ಹತ್ತು ನಿಮಿಷಕ್ಕೆ. ನನ್ನ ಕೈಯಲ್ಲಿ ವಿಡಿಯೋ ಓಡ್ತಾ ಉಂಟು, ನೀವು ಸ್ಲೋ ಉಂಟು ಅಂತೀರಿ. ಎಂತದ್ದಪ್ಪ ಅಂತ ಆಯ್ತು. ಲಿಂಕ್ ಮೊದ್ಲು ಬಂದದ್ದು ನನ್ನ ಫೋನಿಗಲ್ವ? ಒತ್ತಿದೆ. ಕೂಡ್ಲೇ ತೆರೀತು. ಕೆಳಗೆ ವರದಿ ಬೇರೆಯೇ ಇತ್ತು, ಎರಡು ಪುಟ."

ಆ ಪುಟವನ್ನು ನಾನು ಇಪ್ಪತ್ತು ಸಲ ನೋಡಿದ್ದೆ. ದೊಡ್ಡ ಫೈಲಿನ ಹಿಂದೆ ಬಿದ್ದವನಿಗೆ ಕೆಳಗಿದ್ದ ಆ ಸಣ್ಣ ಬಟನ್ನು ಕಂಡಿರಲೇ ಇಲ್ಲ. ಮನೆಗೆಲ್ಲ ಇರಲಿ ಅಂತ ನಾನೇ ಎಂಟುಗಳನ್ನು ತುಂಬಿ, ಅವಳ ಕೈಗೂ ಬಾಗಿಲು ತೆರೆದುಕೊಟ್ಟಿದ್ದೆ.

ಮಧ್ಯಾಹ್ನ ಗೋಡೆಯ ಕಡೆ ಮುಖಮಾಡಿ ಅವಳು ನೋಡುತ್ತಿದ್ದದ್ದು ಕ್ರೋಶಾ ಅಲ್ಲ. ನಾನು ಹುಡುಕಿದ ಶಬ್ದಗಳನ್ನೇ ಅವಳೂ ಒಂದೊಂದಾಗಿ ಹುಡುಕಿದ್ದಳು. ಎಷ್ಟು ಕಾಲ ಎಂಬುದನ್ನೂ ಹುಡುಕಿದಳೋ ಅಂತ ಕೇಳುವ ಧೈರ್ಯ ನನಗೆ ಆಗಲಿಲ್ಲ. ಧೈರ್ಯವಿಲ್ಲದವನಿಗೆ ಬರುವುದು ಸಿಟ್ಟು.

"ಗೊತ್ತಿದ್ದೂ ಬಂತಾ ಬಂತಾ ಅಂತ ದಿನಾ ಕೇಳಿದ್ದು ಯಾಕೆ? ನನ್ನನ್ನು ಮಂಗ ಮಾಡ್ಲಿಕ್ಕಾ?" ಅಂತ ಕಿರುಚಿದೆ. ಕಾರಿನೊಳಗೆ ನನ್ನ ದನಿ ನನಗೇ ಅಸಹ್ಯವಾಗಿ ಕೇಳಿತು.

"ನೀವು ಹೇಳ್ತೀರಾ ಅಂತ ಕೇಳಿದ್ದು," ಎಂದಳು. ಅವಳು ಕಿರುಚಲಿಲ್ಲ. "ಇವತ್ತು ಹೇಳ್ಬಹುದು, ಇವತ್ತು ಹೇಳ್ಬಹುದು ಅಂತ. ಮೊದ್ಲು ನೀವು ಓದಿದ್ದು ತಪ್ಪಲ್ಲ. ನನಗೆ ಎಷ್ಟು ಹೆದರಿಕೆ ಆಯ್ತು ಗೊತ್ತುಂಟಾ ನಿಮಗೆ? ಯಾರಿಗೂ ಹೇಳುದು ಬೇಡ ಅಂತ ನಾನೇ ಬಾಯಿ ಕಟ್ಟಿ ಕೂತದ್ದು. ಉಳಿದದ್ದು ನೀವೊಬ್ರು. ನೀವು ಪಕ್ಕದ ಕೋಣೆಯಲ್ಲೇ ಇದ್ರಿ. ಅಲ್ಲಿ ಕೂತು ಮೇಜಿಗೆ ಗುದ್ದಿ ನಾಟಕ ಮಾಡ್ತಿದ್ರಿ. ಐದು ದಿನ ನಾನೊಬ್ಬಳೇ ಆದೆ."

ನಿನ್ನ ಒಳ್ಳೆಯದಕ್ಕೆ ಅಂತ ಒಂದು ವಾಕ್ಯ ಬಾಯಿಯವರೆಗೆ ಬಂತು, ಅದನ್ನು ನುಂಗಿದೆ. ನಿಜ ಹೇಳಬೇಕೆಂದರೆ ಅವಳ ಮುಖ ಸಣ್ಣದಾಗುವುದನ್ನು ನೋಡಲು ನನಗೆ ಆಗುತ್ತಿರಲಿಲ್ಲ, ಅಷ್ಟೇ. ನನ್ನ ಹೆದರಿಕೆಯನ್ನು ಅವಳ ಹಬ್ಬದ ಸೆರಗಿನಲ್ಲಿ ಮುಚ್ಚಿಟ್ಟಿದ್ದೆ. ಸ್ಟೇರಿಂಗಿಗೆ ಹಣೆ ಇಟ್ಟು ಅತ್ತೆ. ಮದುವೆಯಾದ ಮೇಲೆ ಅವಳ ಎದುರು ನಾನು ಅತ್ತದ್ದು ಅದೇ ಮೊದಲು. ಅವಳು ಬೆನ್ನ ಮೇಲೆ ಕೈ ಇಡಲಿಲ್ಲ. ನನ್ನ ಅಳು ಮುಗಿಯುವವರೆಗೆ ಕಾದು, ಕುಡಿಯಲು ನೀರಿನ ಬಾಟಲಿ ಕೊಟ್ಟಳು.

"ಹೋಗುವ," ಎಂದಳು. "ಅಣ್ಣ ಕಾಯ್ತಿರ್ತಾನೆ."

ಮಂಡೆಕೋಲು ಮುಟ್ಟುವಾಗ ಮನೆ ತುಂಬ ಜನ. ಬಾಗಿಲಿಗೆ ಮಾವಿನ ಎಲೆಯ ಜೊತೆ ತೆನೆ ಕಟ್ಟಿದ್ದರು. ಅವಳು ಇಳಿದವಳೇ ನಗುತ್ತ ಒಳಗೆ ಹೋದಳು. ತುಂಬ ಸಣ್ಣಗಾಗಿದ್ದಿ ಅಂತ ಅತ್ತಿಗೆ ಹೇಳಿದರೆ, ಡಯಟ್ ಮಾಡುದು ಎಂದು ನಗಿಸಿದಳು. ಅಷ್ಟು ಚೆನ್ನಾಗಿ ಸುಳ್ಳು ಹೇಳಲು ಅವಳಿಗೂ ಬರುತ್ತದೆ ಅಂತ ನನಗೆ ಆವತ್ತೇ ಗೊತ್ತಾದದ್ದು. ಅವಳದ್ದು ಕನಿಷ್ಠ ನನಗೆ ತಿಳಿಸಿಯೇ ಹೇಳಿದ ಸುಳ್ಳು.

ಒಂದು ಗಂಟೆಗೆ ಎಲ್ಲರಿಗೂ ಎಲೆ ಹಾಕಿದರು. ಅಂಗಡಿಯಿಂದ ತಂದ ಕುಚ್ಚಲಕ್ಕಿಗೆ ಒಂದು ಮುಷ್ಟಿ ಹೊಸ ಅಕ್ಕಿ ಸೇರಿಸಿ ಬೇಯಿಸಿದ ಅನ್ನ; ಈಗೆಲ್ಲ ಶಾಸ್ತ್ರಕ್ಕೆ ಅಷ್ಟೇ ಸಿಗುವುದು. ಮೊದಲ ತುತ್ತು ಬಾಯಿಗಿಡುವ ಮೊದಲು ಪ್ರತಿಯೊಬ್ಬರೂ ತಮಗಿಂತ ಹಿರಿಯರ ಕಡೆ ತಿರುಗಿ 'ಹೊಸತು ಉಣ್ತೇನೆ' ಅಂತ ಅಪ್ಪಣೆ ಕೇಳಬೇಕು. ಅವರು ಅಪ್ಪಣೆ ಕೊಟ್ಟ ಮೇಲೆಯೇ ಉಣ್ಣುವುದು. ಆ ಮನೆಯಲ್ಲಿ ಕೊಡುವ ಉತ್ತರ ಸ್ವಲ್ಪ ಉದ್ದ: 'ಉಣ್ಣು, ಬರುವ ವರ್ಷವೂ ಒಟ್ಟಿಗೆ ಉಣ್ಣುವ.' ಇಡೀ ಚಾವಡಿ ಒಂದೇ ಸಲ ಕೇಳುವುದರಿಂದ, ಒಂದೇ ಸಲ ಹೇಳುವುದರಿಂದ ಯಾರು ಯಾರಿಗೆ ಏನು ಹೇಳಿದರೆಂದು ತಿಳಿಯುವುದಿಲ್ಲ. ಮೂವತ್ತು ವರ್ಷದಿಂದ ನಾನು ಅದನ್ನು ಉಪ್ಪಿನಕಾಯಿ ಎಲ್ಲಿದೆ ಅಂತ ನೋಡುತ್ತ ಹೇಳಿದವನು.

ಅವಳು ಅಣ್ಣನನ್ನು ಕೇಳಿದಳು, ಅತ್ತಿಗೆಯನ್ನು ಕೇಳಿದಳು. ಆಮೇಲೆ ಪಕ್ಕದಲ್ಲಿ ಕೂತ ನನ್ನ ಕಡೆ ತಿರುಗಿದಳು. ಬೆಳ್ಳಾರೆಯಿಂದ ಇಲ್ಲಿಯವರೆಗೆ ನಾವು ಮುಖ ನೋಡಿಕೊಂಡಿರಲಿಲ್ಲ.

"ಹೊಸತು ಉಣ್ತೇನೆ."

"ಉಣ್ಣು," ಎಂದೆ. ಉಳಿದದ್ದು ಬರಲಿಲ್ಲ. ಐದು ದಿನ ಬೇಕಾದಷ್ಟು ಸುಳ್ಳು ಹೇಳಿದ ಬಾಯಿ ಅಲ್ಲಿಗೆ ಕಟ್ಟಿತು. ಸುತ್ತ ಎಲ್ಲರೂ ಉಣ್ಣಲು ಶುರುಮಾಡಿದ್ದರು. ಅವಳು ಅನ್ನಕ್ಕೆ ಕೈ ಹಾಕಲಿಲ್ಲ.

"ಪೂರ್ತಿ ಹೇಳಿ," ಎಂದಳು, ನನಗೊಬ್ಬನಿಗೇ ಕೇಳುವಷ್ಟು.

"ನನಗೆ ಗೊತ್ತಿಲ್ಲ ಮಾರಾಯ್ತಿ. ಗೊತ್ತಿಲ್ಲದ್ದನ್ನು ಹೇಗೆ ಹೇಳುದು?"

"ನನಗೂ ಗೊತ್ತಿಲ್ಲ. ಹೇಳಿ. ಸುಳ್ಳಾದ್ರೆ ಇಬ್ಬರದ್ದೂ ಸುಳ್ಳಾಗ್ಲಿ."

ಹೇಳಿದೆ. ಬರುವ ವರ್ಷವೂ ಒಟ್ಟಿಗೆ ಉಣ್ಣುವ ಅಂತ, ಅವಳ ಮುಖ ನೋಡಿಕೊಂಡೇ, ಒಂದೊಂದೇ ಶಬ್ದ. ಅವಳು ತಲೆ ಆಡಿಸಿ ಮೊದಲ ತುತ್ತು ಬಾಯಿಗಿಟ್ಟಳು.